ಲಿಬ್‌ಟಿಫ್ ಬಾಯಿಗೆ ಬೀಗ ಹಾಕಿ ಪೇಚಿಗೆ ಸಿಕ್ಕಿದ್ದು

ಹಳೇ ನಕ್ಷೆಗಳ ಟಿಫ್ ಫೈಲ್‌ಗಳನ್ನು ಚಿಕ್ಕದು ಮಾಡುವ ಸಣ್ಣ ಸಿ ಪ್ರೋಗ್ರಾಂ ಬರೆದಿದ್ದೆ, ಟಿಫ್ ಚಿತ್ರಗಳನ್ನು ಓದಿ ಬರೆಯುವ ಲಿಬ್‌ಟಿಫ್ ಲೈಬ್ರರಿ ಬಳಸಿ. ಓಡಿಸಿದರೆ ಟರ್ಮಿನಲ್ ತುಂಬಾ ಒಂದೇ ಗಲಾಟೆ: 33550ನೇ ಟ್ಯಾಗ್ (ಫೈಲಿನೊಳಗಿನ ಒಂದು ಮಾಹಿತಿಯ ಗುರುತು) ಗೊತ್ತಿಲ್ಲ ಅಂತ. ಅದು ಜಿಯೋಟಿಫ್‌ನ, ಅಂದರೆ ಸ್ಥಳದ ವಿವರವೂ ಇರುವ ಟಿಫ್‌ನ, ಪಿಕ್ಸೆಲ್ ಅಳತೆಯ ಟ್ಯಾಗ್. ಚಿತ್ರಕ್ಕೇನೂ ತೊಂದರೆಯಿಲ್ಲ, ಸುಮ್ನೆ ಕಿರಿಕಿರಿ.

ಎಚ್ಚರಿಕೆ ತೋರಿಸುವ ಫಂಕ್ಷನ್, ಅಂದರೆ ವಾರ್ನಿಂಗ್ ಹ್ಯಾಂಡ್ಲರ್‌ಗೆ ನಲ್ (ಏನೂ ಇಲ್ಲ) ಕೊಟ್ಟು ಬಾಯಿ ಮುಚ್ಚಿಸಿದೆ. ಕೈ ತಡೆಯಲಿಲ್ಲ ನೋಡಿ, ಎರರ್ ಹ್ಯಾಂಡ್ಲರ್‌ಗೂ ನಲ್ ಕೊಟ್ಟೆ. ಎಲ್ಲ ತಣ್ಣಗಾಯಿತು.

ವಾರ ಕಳೆದ ಮೇಲೆ ಒಂದು ನಕ್ಷೆ ತೆರೆದರೆ ಕೆಳಗಿನ ಅರ್ಧ ಪೂರ್ತಿ ಕಪ್ಪು! ಕಾಪಿ ಮಾಡುವಾಗ ಫೈಲ್ ಅರ್ಧಕ್ಕೇ ತುಂಡಾಗಿತ್ತು. ಸ್ಕ್ಯಾನ್‌ಲೈನ್ (ಚಿತ್ರದ ಒಂದು ಸಾಲು) ಓದುವ ಫಂಕ್ಷನ್ ಪಾಪ -1, ಅಂದರೆ ಓದಲಾಗಲಿಲ್ಲ, ಅಂತ ಹೇಳುತ್ತಲೇ ಇತ್ತು. ನಾನು ನೋಡಿದರೆ ತಾನೇ? ಓದಿದ ಸಾಲನ್ನು ಇಡುವ ಬಫರ್‌ನಲ್ಲಿ ಮೊದಲೇ ತುಂಬಿದ್ದ ಸೊನ್ನೆಗಳೇ ಕಪ್ಪಾಗಿ ಬಂದಿದ್ದವು.

ಈಗ ವಾರ್ನಿಂಗ್‌ಗಳು ಒಂದು ಲಾಗ್ ಫೈಲ್‌ಗೆ ಹೋಗುತ್ತವೆ. ಓದುವ ಪ್ರತಿ ಸಲವೂ -1 ಬಂತಾ ಅಂತ ನೋಡಿ, ಬಂದರೆ ಆ ಫೈಲನ್ನು ಪಕ್ಕಕ್ಕಿಡುತ್ತೇನೆ. ಇನ್ನೊಂದು ತಲೆನೋವಿತ್ತು. ಹಳೇ ಹ್ಯಾಂಡ್ಲರ್ ಇಡೀ ಪ್ರೋಗ್ರಾಮಿಗೆ ಒಂದೇ. ನಾಲ್ಕು ಥ್ರೆಡ್ (ಒಟ್ಟಿಗೇ ನಡೆಯುವ ಕೆಲಸಗಳು) ಓಡುವಾಗ ಯಾವ ಫೈಲಿನ ಗೋಳು ಇದು ಅಂತ ಗೊತ್ತಾಗಲ್ಲ. ಲಿಬ್‌ಟಿಫ್‌ನ 4.5ನೇ ಆವೃತ್ತಿಯಿಂದ ಫೈಲ್ ತೆರೆಯುವಾಗಲೇ ಅದಕ್ಕೆ ಬೇರೆ ಹ್ಯಾಂಡ್ಲರ್ ಕೊಡಬಹುದು, ಜೊತೆಗೆ ನಮ್ಮದೊಂದು ಪಾಯಿಂಟರ್ (ನಮ್ಮ ಮಾಹಿತಿ ಇರುವ ಜಾಗದ ವಿಳಾಸ) ಕೂಡ. ಅದರಲ್ಲಿ ಫೈಲಿನ ಹೆಸರಿಟ್ಟೆ. ಹ್ಯಾಂಡ್ಲರ್ 1 ಹಿಂತಿರುಗಿಸಬೇಕು. 0 ಕೊಟ್ಟರೆ ಹಳೆಯದೂ ಮತ್ತೆ ಕೂಗುತ್ತದೆ.

ತುಂಡಾದ ನಕ್ಷೆಯನ್ನು ಮತ್ತೆ ಕಾಪಿ ಮಾಡಿಕೊಂಡೆ, ಸರಿಯಾಗಿ ಬಂತು.