ಸರ್ಕ್ಯುಲರ್ ಎಲ್ಲರ ಫೋನಿಗೂ ಬಂತು, ಆದ್ರೆ ಎಲ್ಲರಿಗೂ ಮುಟ್ಟಿತಾ? ಕಾಲೇಜಿನಲ್ಲಿ ಇದನ್ನು ಸರಿ ಮಾಡುದು ಹೇಗೆ

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಸ್ಟಾಫ್ ಗ್ರೂಪಿಗೆ ಒಂದು ಪಿಡಿಎಫ್ ಬಂತು. ಆರು ಪುಟ, ಪೂರ್ತಿ ಮಲಯಾಳ, ಜೊತೆಗೆ ‘ಎಲ್ಲರ ಗಮನಕ್ಕೆ’ ಅಂತ ಒಂದು ಸಾಲು. ಅದರ ಹಿಂದೆಯೇ ಯಾರದೋ ಹುಟ್ಟುಹಬ್ಬ, ಕೇಕು, ಹೂವು, ಕೈಮುಗಿಯುವ ಚಿತ್ರ, ಬೆಳಗಾಗುವಾಗ ಪಿಡಿಎಫ್ ಎಲ್ಲೋ ಮೇಲೆ ಹೋಗಿ ಆಗಿತ್ತು. ಆ ಪಿಡಿಎಫ್‌ನ ನಾಲ್ಕನೇ ಪುಟದಲ್ಲಿ, ಫಸ್ಟ್ ಸೆಮಿಸ್ಟರ್ ಮಕ್ಕಳು ಭಾಷಾ ಕೋರ್ಸ್ ಬದಲಾಯಿಸ್ಲಿಕ್ಕೆ ಶನಿವಾರ ಸಂಜೆ ಐದರವರೆಗೆ ಮಾತ್ರ ಟೈಮ್ ಅಂತ ಇತ್ತು. ಕ್ಲಾಸ್ ಟ್ಯೂಟರ್ ಆಗಿದ್ದದ್ದು ಒಬ್ಬರು ಗೆಸ್ಟ್ ಟೀಚರ್, ಅವರನ್ನು ಗ್ರೂಪಿಗೆ ಸೇರಿಸಿರ್ಲೇ ಇಲ್ಲ. ಕನ್ನಡ ಮೀಡಿಯಮ್ಮಿಂದ ಬಂದ ಹುಡುಗಿ ಒಬ್ಬಳಿಗೆ ಕನ್ನಡ ಬೇಕಿತ್ತು, ಪೋರ್ಟಲ್‌ನಲ್ಲಿ ತಪ್ಪಿ ಬೇರೆ ಭಾಷೆ ಬಿದ್ದಿತ್ತು, ಸೋಮವಾರ ನೋಡಿದ್ರೆ ಪೋರ್ಟಲ್ ಬಂದ್. ಅಪ್ಪ ಒಂದು ದಿನದ ಕೆಲಸ ಬಿಟ್ಟು ಮಗಳನ್ನು ಕರ್ಕೊಂಡು ಬೆಳಗ್ಗಿನ ರೈಲು ಹಿಡಿದು ಯುನಿವರ್ಸಿಟಿ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಬಂದ್ರು. ಕೆಲಸ ಆಯ್ತು, ಅದು ಬೇರೆ ಮಾತು. ಆದ್ರೆ ಆ ಪಿಡಿಎಫ್ ನಾನೂ ತೆರೆದಿದ್ದೆ, ಮೊದಲ ಪುಟ ಓದಿ ಮುಚ್ಚಿದ್ದೆ, ಅದು ನನಗೆ ಇವತ್ತಿಗೂ ಚುಚ್ತದೆ.

ಆ ಮೇಲೆ ಬೇರೆ ಕಾಲೇಜಿಗೆ ಬಂದಾಗ ಐಕ್ಯೂಎಸಿ ಕೆಲಸ ನನ್ನ ಪಾಲಿಗೆ ಬಂತು, ಅಂದ್ರೆ ಗುಣಮಟ್ಟ ನೋಡಿಕೊಳ್ಳುವ ಒಳಗಿನ ಸಮಿತಿ. ಮೊದಲು ಮಾಡಿದ್ದೇ ಈ ಸುದ್ದಿ ಮುಟ್ಟಿಸುವ ಕೆಲಸಕ್ಕೆ ಒಂದು ಕ್ರಮ. ಕಾಸರಗೋಡಿನ ಕಾಲೇಜುಗಳಲ್ಲಿ ಇದು ಯಾಕೆ ಹೆಚ್ಚು ಬೇಕು ಅಂದ್ರೆ, ನಮಗೆ ಮೂರು ಕಡೆಯಿಂದ ಕಾಗದ ಬರ್ತದೆ, ಯುಜಿಸಿಯದ್ದು (ದೇಶದ ಯುನಿವರ್ಸಿಟಿಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ) ಇಂಗ್ಲಿಷ್, ಸರಕಾರದ್ದು ಹೆಚ್ಚಾಗಿ ಮಲಯಾಳ, ಯುನಿವರ್ಸಿಟಿಯದ್ದು ಎರಡೂ. ಓದುವವರಲ್ಲಿ ಪಯ್ಯನ್ನೂರಿಂದ ಬರುವವರೂ ಉಂಟು, ಮಂಗಳೂರಿಂದ ಬರುವವರೂ ಉಂಟು, ಮಲಯಾಳ ಚೆನ್ನಾಗಿ ಮಾತಾಡ್ತೇವೆ ಆದ್ರೆ ಲಿಪಿ ಓದ್ಲಿಕ್ಕೆ ಕಷ್ಟ ಅನ್ನುವ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯವರೂ ಉಂಟು.

ಮೊದಲು: ಕಾಗದದ ಜಾತಕ ನೋಡಿ

ಬಂದ ಕೂಡ್ಲೇ ಫಾರ್ವರ್ಡ್ ಮಾಡ್ಬೇಡಿ. ಇದು ಯಾರು ಕಳಿಸಿದ್ದು, ಯಾವ ತಾರೀಕಿನದ್ದು, ಕರಡಾ ಅಂತಿಮವಾ, ನಮಗೆ ಅನ್ವಯ ಆಗ್ತದಾ, ಇಷ್ಟು ನೋಡ್ಲಿಕ್ಕೆ ಐದು ನಿಮಿಷ ಸಾಕು.

ಶಿಕ್ಷಣ 1976ರ 42ನೇ ತಿದ್ದುಪಡಿಯಲ್ಲಿ ಸಮವರ್ತಿ ಪಟ್ಟಿಗೆ ಹೋಯ್ತು, ಹಾಗಾಗಿ ಕೇಂದ್ರದ ಮಾತೂ ಉಂಟು ರಾಜ್ಯದ ಮಾತೂ ಉಂಟು. ಯುಜಿಸಿ ರೆಗ್ಯುಲೇಷನ್ ಅಂದ್ರೆ ಗೆಜೆಟ್‌ನಲ್ಲಿ ಬಂದದ್ದು, ಅದಕ್ಕೆ ಕಾನೂನಿನ ಬಲ ಉಂಟು. ಗೈಡ್‌ಲೈನ್ಸ್ ಅಂದ್ರೆ ಹೀಗೆ ಮಾಡಿದ್ರೆ ಒಳ್ಳೇದು ಅನ್ನುವ ತರ. ಕರಡು ಅಂದ್ರೆ ಇನ್ನೂ ಅಭಿಪ್ರಾಯ ಕೇಳ್ತಾ ಇದ್ದಾರೆ ಅಂತ ಮಾತ್ರ. ರಾಜ್ಯದ ಜಿ.ಓ. (ಸರಕಾರಿ ಆದೇಶ) ಆದ್ರೆ ನಂಬರಿನ ಜೊತೆ ಆರ್‌ಟಿ ಅಂತ ಇದ್ರೆ ಅದು ರೊಟೀನ್, ಹೆಚ್ಚಾಗಿ ಒಬ್ಬರಿಗೋ ಒಂದು ಪ್ರಕರಣಕ್ಕೋ ಸೀಮಿತ, ಎಂಎಸ್ ಅಂತ ಇದ್ರೆ ನೀತಿಯ ವಿಷಯ ಇರುವ ಸಾಧ್ಯತೆ ಜಾಸ್ತಿ, ಅದನ್ನು ಪೂರ್ತಿ ಓದಿ. ಸಿಲೆಬಸ್ ವಿಷಯ ಆದ್ರೆ ಬೋರ್ಡ್ ಆಫ್ ಸ್ಟಡೀಸ್, ಅಕಾಡೆಮಿಕ್ ಕೌನ್ಸಿಲ್ ಅನ್ನುವ ಸಮಿತಿಗಳನ್ನು ದಾಟಿ ಯುನಿವರ್ಸಿಟಿ ಆದೇಶ ಆಗಿ ಬಂದ ಮೇಲೆಯೇ ನಮ್ಮ ಕ್ಲಾಸಿಗೆ ಬರುದು.

ಇದು ಗೊತ್ತಿಲ್ಲದಿದ್ರೆ ಎಂತ ಆಗ್ತದೆ ಅಂತ ಒಂದು ಲೆಕ್ಕ ಹೇಳ್ತೇನೆ. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಕೊಟ್ಟ ಚೌಕಟ್ಟಿನಲ್ಲಿ ಮೂರು ವರ್ಷದ ಡಿಗ್ರಿಗೆ 120 ಕ್ರೆಡಿಟ್ (ಒಂದೊಂದು ಕೋರ್ಸ್ ಪಾಸಾದ ಹಾಗೆ ಕೂಡುತ್ತಾ ಹೋಗುವ ಲೆಕ್ಕ), ನಾಲ್ಕು ವರ್ಷದ ಆನರ್ಸ್‌ಗೆ 160. ಕೇರಳದಲ್ಲಿ 2024ರ ಜುಲೈಯಲ್ಲಿ ಶುರುವಾದ ನಾಲ್ಕು ವರ್ಷದ ಡಿಗ್ರಿಯಲ್ಲಿ ಮೂರು ವರ್ಷಕ್ಕೆ 133, ನಾಲ್ಕಕ್ಕೆ 177. ನೆಟ್‌ನಲ್ಲಿ ಹುಡುಕಿ ಯುಜಿಸಿ ಪಿಡಿಎಫ್ ಓದಿದ ಟೀಚರ್ ಮಕ್ಕಳಿಗೆ 120 ಅಂತ ಹೇಳಿದ್ರೆ ಅವರು ಓದಿದ್ದು ಸುಳ್ಳಲ್ಲ, ಆದ್ರೆ ಕಣ್ಣೂರು ಯುನಿವರ್ಸಿಟಿ ಕೆಳಗೆ ಓದುವ ಮಗುವಿಗೆ ಅದು ತಪ್ಪು, 13 ಕ್ರೆಡಿಟ್ ಕಡಿಮೆ ಬಿದ್ರೆ ಡಿಗ್ರಿ ಕೈಗೆ ಸಿಗುದಿಲ್ಲ. ಅದೇ ತರ ಮೊದಲ ವರ್ಷ ಮುಗಿಸಿ ಸರ್ಟಿಫಿಕೇಟ್ ತಕೊಂಡು ಹೊರಡ್ಬಹುದು ಅಂತ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಉಂಟು, ಕೇರಳ ಅದನ್ನು ತಕೊಳ್ಳಲಿಲ್ಲ. ಗಡಿಯಾಚೆ ಮಂಗಳೂರಿನಲ್ಲಿ ಓದುವ ಅಣ್ಣ ಅಕ್ಕಂದಿರ ಮಾತು ಕೇಳಿ ಬರುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟು, ಅವರಿಗೆ ಎರಡು ರಾಜ್ಯದ ನಿಯಮ ಕಲಸಿ ಹೋಗಿರ್ತದೆ, ಅದನ್ನು ಬಿಡಿಸಿ ಹೇಳುವವರು ಟ್ಯೂಟರೇ.

ಕರಡಿನ ವಿಷಯಕ್ಕೂ ಹತ್ತಿರದ ಉದಾಹರಣೆ ಉಂಟು. ಅಧ್ಯಾಪಕರ ಮತ್ತು ವೈಸ್ ಚಾನ್ಸಲರ್ ನೇಮಕದ ಬಗ್ಗೆ ಯುಜಿಸಿ 2025ರ ಜನವರಿ 6ಕ್ಕೆ ಕರಡು ರೆಗ್ಯುಲೇಷನ್ ಹೊರಡಿಸಿತು. ಕೇರಳ ವಿಧಾನಸಭೆ ಅದೇ ತಿಂಗಳಲ್ಲಿ ಅದರ ವಿರುದ್ಧ ನಿರ್ಣಯ ಮಾಡಿತು. ಆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ‘ಇನ್ನು ಪ್ರಮೋಷನ್ ನಿಯಮ ಎಲ್ಲ ಬದಲಾಯ್ತಂತೆ’ ಅಂತ ಮಾತು. ಬದಲಾಗಿರ್ಲಿಲ್ಲ, ಕರಡು ಬಂದದ್ದು ಮಾತ್ರ, ಆಗಲೂ ಜಾರಿಯಲ್ಲಿ ಇದ್ದದ್ದು 2018ರ ರೆಗ್ಯುಲೇಷನ್ನೇ. ಹಾಗಾಗಿ ನನ್ನ ನೋಟಿಸ್‌ನಲ್ಲಿ ಕರಡು ಆದ್ರೆ ಮೇಲೆ ಬಲಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘ಕರಡು, ಜಾರಿ ಆಗಿಲ್ಲ’ ಅಂತ ದೊಡ್ಡಕ್ಕೆ ಬರೀತೇನೆ.

ಎರಡನೇದು: ಅರ್ಧ ಪುಟ, ಹೆಚ್ಚಿಲ್ಲ

ಮೂಲ ಪಿಡಿಎಫ್ ಕಳಿಸಿ, ಆದ್ರೆ ಅದರ ಮೇಲೆ ನಿಮ್ಮದೇ ಮಾತಿನ ಅರ್ಧ ಪುಟ ಇರ್ಲೇಬೇಕು. ನಾನು ಬರೆಯುದು ಹೀಗೆ, ಬೇಕಿದ್ರೆ ಹಾಗೇ ತಕೊಳ್ಳಿ:

ವಿಷಯ: ಯುಜಿಸಿ ಕೇರ್ ಪಟ್ಟಿ (ಒಳ್ಳೆ ಸಂಶೋಧನಾ ಜರ್ನಲ್ ಯಾವುದು ಅಂತ ಹೇಳುವ ಪಟ್ಟಿ) ನಿಂತಿದೆ.
ಯಾರಿಗೆ: ಸಂಶೋಧನೆ ಮಾಡುವ ಟೀಚರ್‌ಗಳು, ಗೈಡ್‌ಗಳು, ಲೈಬ್ರರಿ.
ಸ್ಥಿತಿ: ಅಂತಿಮ. 2025ರ ಫೆಬ್ರವರಿಯ ಯುಜಿಸಿ ಪ್ರಕಟಣೆ.
ಎಂತ ಬದಲಾಯ್ತು: ಜರ್ನಲ್ ಒಳ್ಳೇದಾ ಅಲ್ಲವಾ ಅಂತ ಇನ್ನು ಆ ಪಟ್ಟಿ ನೋಡಿ ತೀರ್ಮಾನಿಸ್ಲಿಕ್ಕೆ ಆಗುದಿಲ್ಲ, ಪೀರ್ ರಿವ್ಯೂ (ಅದೇ ವಿಷಯದ ಬೇರೆ ತಜ್ಞರು ಲೇಖನ ಪರಿಶೀಲಿಸುದು) ಉಂಟಾ, ಎಡಿಟರ್‌ಗಳು ಯಾರು ಅಂತ ನಾವೇ ಪರೀಕ್ಷೆ ಮಾಡ್ಬೇಕು.
ನೀವು ಎಂತ ಮಾಡ್ಬೇಕು: ದುಡ್ಡು ಕಟ್ಟುವ ಮೊದಲು ಜರ್ನಲ್‌ನ ಹೆಸರು ಲೈಬ್ರರಿಯಲ್ಲಿ ಕೊಟ್ಟು ಒಮ್ಮೆ ಕೇಳಿ.
ಕೊನೆ ದಿನ: ಇಲ್ಲ.

ನೋಡಿ, ಇದರಲ್ಲಿ ‘ನೀವು ಎಂತ ಮಾಡ್ಬೇಕು’ ಅನ್ನುವ ಸಾಲೇ ಜೀವ. ಅದು ಬರೀಲಿಕ್ಕೆ ಆಗದಿದ್ರೆ ನಿಮಗೇ ಕಾಗದ ಅರ್ಥ ಆಗಿಲ್ಲ ಅಂತ ತಿಳ್ಕೊಳ್ಳಿ, ಇನ್ನೊಮ್ಮೆ ಓದಿ, ಆಗ್ಲೂ ಆಗದಿದ್ರೆ ಯುನಿವರ್ಸಿಟಿ ಸೆಕ್ಷನ್‌ಗೆ ಫೋನ್ ಮಾಡಿ. ಮಾಡ್ಲಿಕ್ಕೆ ಏನೂ ಇಲ್ಲದ ಕಾಗದ ಆದ್ರೆ ‘ಸುಮ್ಮನೆ ತಿಳಿದಿರಿ’ ಅಂತ ಹಾಕಿ, ತಪ್ಪಿಲ್ಲ.

ಮೂರನೇದು: ಭಾಷೆ, ಇಲ್ಲಿ ಸ್ವಲ್ಪ ನಿಲ್ಬೇಕು

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಹೇಳಿ ಹೆಮ್ಮೆ ಪಡ್ತೇವೆ, ಆ ಹೆಮ್ಮೆ ಆಫೀಸ್ ಕಾಗದದಲ್ಲೂ ಕಾಣ್ಬೇಕು. ಮಲಯಾಳ ಗೊತ್ತೇ ಇಲ್ಲದವರಿಗಿಂತ ಅರ್ಧ ಗೊತ್ತಿರುವ ನಮ್ಮಂಥವರಿಗೇ ಮೋಸ ಹೋಗುದು ಸುಲಭ, ಯಾಕೆ ಅಂದ್ರೆ ಎರಡೂ ಭಾಷೆಯಲ್ಲಿ ಒಂದೇ ಸಂಸ್ಕೃತ ಶಬ್ದ, ಅರ್ಥ ಬೇರೆ. ಮಲಯಾಳದ ‘ಉತ್ತರವ್’ ಅಂದ್ರೆ ಆದೇಶ, ನಮ್ಮ ಕಿವಿಗೆ ಅದು ಉತ್ತರ. ಅವರ ‘ಅಪೇಕ್ಷ’ ಅಂದ್ರೆ ಅರ್ಜಿ, ನಮಗೆ ಅಪೇಕ್ಷೆ ಅಂದ್ರೆ ಆಸೆ. ‘ವಿಜ್ಞಾಪನಂ’ ಅಂದ್ರೆ ಅಧಿಸೂಚನೆ, ನಾವು ವಿಜ್ಞಾಪನೆ ಅಂದ್ರೆ ಬಿನ್ನಹ ಅಂತ ತಿಳ್ಕೊಳ್ತೇವೆ. ‘ಅವಧಿ’ ಅಂದ್ರೆ ರಜೆ, ಮಳೆಗಾಲದಲ್ಲಿ ಜಿಲ್ಲಾಧಿಕಾರಿ ‘ನಾಳೆ ಅವಧಿ’ ಅಂದ್ರೆ ಮಕ್ಕಳಿಗೂ ಗೊತ್ತಾಗ್ತದೆ, ಆದ್ರೆ ಅದೇ ಶಬ್ದ ಒಂದು ಸುತ್ತೋಲೆಯ ಮಧ್ಯದಲ್ಲಿ ಬಂದ್ರೆ ಕನ್ನಡದವರ ಕಣ್ಣು ಅದನ್ನು ಕಾಲಾವಧಿ ಅಂತ ಓದಿಬಿಡ್ತದೆ. ‘ಭೇದಗತಿ’ ತಿದ್ದುಪಡಿ, ‘ಸಮಯಪರಿಧಿ’ ಗಡುವು, ‘ಮಾಟ್ಟಿವೆಚ್ಚು’ ಅಂದ್ರೆ ಮುಂದೂಡಿದ್ರು, ಇದನ್ನು ‘ಬದಲಾಯಿಸಿದ್ರು’ ಅಂತ ಮಾತ್ರ ಓದಿದ್ರೆ ಪರೀಕ್ಷೆಯ ದಿನ ಮಕ್ಕಳು ಬಂದು ಗೇಟಿನ ಹತ್ರ ನಿಲ್ತಾರೆ. ‘ಕರಡ್’ ಮಾತ್ರ ಪುಣ್ಯಕ್ಕೆ ಎರಡರಲ್ಲೂ ಕರಡೇ.

ಈ ಏಳೆಂಟು ಶಬ್ದಗಳ ಪಟ್ಟಿ ಒಂದು ಕಾರ್ಡಿನಲ್ಲಿ ಬರೆದು ಆಫೀಸಿನ ಮೇಜಿನ ಗಾಜಿನ ಕೆಳಗೆ ಇಡಿ. ಅರ್ಧ ಪುಟವನ್ನು ಕನ್ನಡದಲ್ಲಿ ಮತ್ತು ಮಲಯಾಳದಲ್ಲಿ ಎರಡರಲ್ಲೂ ಬರೆಯಿರಿ. ಕನ್ನಡದ್ದು ಕನ್ನಡ ವಿಭಾಗದ ಟೀಚರ್ ಬರೀಲಿ, ಮಲಯಾಳದ್ದು ಆ ವಿಭಾಗದವರು ನೋಡ್ಲಿ, ಆಮೇಲೆ ಇಬ್ಬರೂ ಕೂತು ತಾರೀಕು ಮತ್ತು ಅಂಕೆ ಮಾತ್ರ ಗಟ್ಟಿಯಾಗಿ ಓದಿ ತಾಳೆ ಹಾಕ್ಲಿ. ಕ್ರೆಡಿಟ್, ಮೇಜರ್, ಮೈನರ್, ಸೆಮಿಸ್ಟರ್ ಇದನ್ನೆಲ್ಲ ಕನ್ನಡ ಮಾಡ್ಲಿಕ್ಕೆ ಹೋಗ್ಬೇಡಿ, ಪೋರ್ಟಲ್‌ನಲ್ಲಿ ಯಾವ ಶಬ್ದ ಉಂಟೋ ಅದೇ ಇರ್ಲಿ, ಇಲ್ಲದಿದ್ರೆ ಮಗು ಸ್ಕ್ರೀನಿನಲ್ಲಿ ಹುಡುಕುವಾಗ ಕಂಗಾಲಾಗ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡ್ಬಹುದು ಅಂತ ಉಂಟು. ಹಾಗಾಗಿ ಕನ್ನಡದಲ್ಲಿ ಹಾಕುದು ಯಾರೋ ಮಾಡುವ ಉಪಕಾರ ಅಂತ ಯಾರೂ ಭಾವಿಸ್ಬಾರದು.

ನಾಲ್ಕನೇದು: ಯಾರು ಬಿಟ್ಟು ಹೋಗಿದ್ದಾರೆ ಅಂತ ಎಣಿಸಿ

ಗ್ರೂಪಿನ ಲಿಸ್ಟ್ ತೆಗ್ದು ಅಟೆಂಡೆನ್ಸ್ ರಿಜಿಸ್ಟರ್ ಜೊತೆ ಇಟ್ಟು ಹೆಸರು ಹೆಸರು ತಾಳೆ ಹಾಕಿ. ಗೆಸ್ಟ್ ಟೀಚರ್‌ಗಳು, ಲೈಬ್ರರಿಯವರು, ಲ್ಯಾಬ್ ಅಸಿಸ್ಟೆಂಟ್, ಆಫೀಸಿನ ಕ್ಲರ್ಕ್, ಹೆರಿಗೆ ರಜೆಯಲ್ಲಿ ಇರುವವರು, ಇವರೇ ತಪ್ಪಿ ಹೋಗುದು. ಗೆಸ್ಟ್ ಟೀಚರ್‌ಗಳು ಪ್ರತಿ ವರ್ಷ ಬದಲಾಗ್ತಾರೆ, ಹಾಗಾಗಿ ಜೂನ್‌ನಲ್ಲಿ ಒಮ್ಮೆ, ಎರಡನೇ ಸೆಮಿಸ್ಟರ್ ಶುರುವಾಗುವಾಗ ಒಮ್ಮೆ ಎಣಿಸ್ಬೇಕು. ನೋಟಿಸ್‌ಗೆ ಬೇರೆ ಗ್ರೂಪ್ ಮಾಡಿ, ಅದರಲ್ಲಿ ಅಡ್ಮಿನ್ ಮಾತ್ರ ಹಾಕುವ ಹಾಗೆ ಸೆಟ್ಟಿಂಗ್ ಇಡಿ, ಹುಟ್ಟುಹಬ್ಬಕ್ಕೆ ಹಳೇ ಗ್ರೂಪ್ ಇರ್ಲಿ. ರಾತ್ರಿ ಬಂದದ್ದನ್ನು ರಾತ್ರಿಯೇ ಹಾಕ್ಬೇಡಿ, ಮರುದಿನವೇ ಗಡುವು ಇದ್ರೆ ಮಾತ್ರ ಟ್ಯೂಟರ್‌ಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ.

ಐದನೇದು: ಬಾಯಲ್ಲಿ ಹೇಳಿ, ಕಿವಿಯಲ್ಲಿ ಕೇಳಿ

ವಾರಕ್ಕೊಮ್ಮೆ ಹತ್ತು ನಿಮಿಷ, ನಮ್ಮಲ್ಲಿ ಅದು ಬುಧವಾರ ಹನ್ನೊಂದರ ಚಾಯಕ್ಕೆ. ಆ ವಾರದ್ದು ಎರಡೋ ಮೂರೋ ವಿಷಯ ಓದುದು, ಮುಗೀತು, ಭಾಷಣ ಇಲ್ಲ. ರೈಲಿನ ಟೈಮಿಗೆ ಓಡುವವರೇ ಹೆಚ್ಚು ಇರುವ ಕಡೆ ಸಂಜೆ ನಾಲ್ಕರ ಮೀಟಿಂಗ್ ಇಟ್ರೆ ಯಾರ ಮನಸ್ಸೂ ಅಲ್ಲಿ ಇರುದಿಲ್ಲ. ಓದಿ ಆದ ಮೇಲೆ ‘ಅರ್ಥ ಆಯ್ತಾ’ ಅಂತ ಕೇಳ್ಬೇಡಿ, ಎಲ್ಲರೂ ಆಯ್ತು ಅಂತಾರೆ. ‘ಟೀಚರ್, ನಿಮ್ಮ ಕ್ಲಾಸಲ್ಲಿ ಇದು ಎಷ್ಟು ಮಕ್ಕಳಿಗೆ ಬೀಳ್ತದೆ?’ ಅಂತ ಕೇಳಿ, ಆಗ ನಿಜ ಹೊರಗೆ ಬರ್ತದೆ. ಒಮ್ಮೆ ಹೀಗೆ ಕೇಳಿದಾಗ ಹಿರಿಯ ಮಾಷ್ ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂದ್ರೆ ಯಾವ ಬ್ಯಾಂಕಿನ ಬ್ರಾಂಚಲ್ಲಿ ಅಕೌಂಟ್ ತೆರೆಯುದು ಅಂತ ಕೇಳಿದ್ರು. ಯಾರೂ ನಗ್ಲಿಲ್ಲ, ನಗುವಂಥದ್ದೂ ಅಲ್ಲ ಅದು, 2021ರಿಂದ ಆ ಹೆಸರು ಸರ್ಕ್ಯುಲರ್‌ಗಳಲ್ಲಿ ಓಡಾಡ್ತಾ ಉಂಟು, ಅದು ದುಡ್ಡಿನ ಬ್ಯಾಂಕ್ ಅಲ್ಲ, ಮಗು ಗಳಿಸಿದ ಕ್ರೆಡಿಟ್ ಕೂಡಿಡುವ ಡಿಜಿಟಲ್ ಖಾತೆ ಅಂತ ಅವರಿಗೆ ಕೂತು ಹೇಳಿದವರು ಯಾರೂ ಇರ್ಲಿಲ್ಲ. ಅವತ್ತು ಹೇಳಿದೆವು. ಅವರ ಕ್ಲಾಸಿನ ಮಕ್ಕಳ ಖಾತೆ ತೆರೆಯುವ ಕೆಲಸವೇ ಮೊದಲು ಮುಗಿದದ್ದು.

ಟೀಚರ್‌ಗಳಿಗೆ ತಮ್ಮದೇ ಆಗಬೇಕಾದ ವಿಷಯವೂ ಇದೇ ಹತ್ತು ನಿಮಿಷದಲ್ಲಿ ಬರ್ಲಿ. ಕಾಲೇಜು ಟೀಚರ್‌ಗಳಿಗೆ ಇರುವ ಮಾಳವೀಯ ಮಿಷನ್ ಟ್ರೈನಿಂಗ್ 2023ರ ಸೆಪ್ಟೆಂಬರ್ 5ಕ್ಕೆ ಶುರುವಾದದ್ದು, ಆನ್‌ಲೈನ್ ಕೋರ್ಸ್‌ಗಳೂ ಇರ್ತವೆ, ಸೀಟು ಬೇಗ ತುಂಬ್ತದೆ. 2018ರ ರೆಗ್ಯುಲೇಷನ್ ಪ್ರಕಾರ ಮೊದಲ ಪ್ರಮೋಷನ್‌ಗೆ ಪಿಎಚ್‌ಡಿ ಇದ್ರೆ 4 ವರ್ಷ, ಎಂಫಿಲ್ ಆದ್ರೆ 5, ಎಂಎ ಮಾತ್ರ ಆದ್ರೆ 6, ಜೊತೆಗೆ ಟ್ರೈನಿಂಗ್ ಕೋರ್ಸ್ ಬೇಕು. ಕೋರ್ಸ್‌ನ ಸುದ್ದಿ ಲೇಟ್ ಆಗಿ ಸಿಕ್ಕಿ ಪ್ರಮೋಷನ್ ಮುಂದೆ ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆರನೇದು: ಮೇಲಕ್ಕೂ ಕಳಿಸಿ, ಫೈಲೂ ಇಡಿ

ಕರಡಿಗೆ ಅಭಿಪ್ರಾಯ ಕೇಳಿದಾಗ ನಮ್ಮ ಕಾಲೇಜಿಂದ ಒಂದು ಪುಟ ಹೋಗ್ಲೇಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಕನ್ನಡ ಕೋರ್ಸ್ ಸಿಗ್ತದಾ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರ್ತದಾ, ಇದನ್ನು ತಿರುವನಂತಪುರದಲ್ಲೋ ದೆಹಲಿಯಲ್ಲೋ ಕೂತವರಿಗೆ ನಾವಲ್ಲದೆ ಬೇರೆ ಯಾರು ಹೇಳ್ತಾರೆ?

ಫೈಲ್ ಯಾಕೆ ಅಂದ್ರೆ ನ್ಯಾಕ್, ಅಂದ್ರೆ ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ. ಏಳು ಮಾನದಂಡದಲ್ಲಿ ಎರಡನೇದರೊಳಗೆ, ಕೋರ್ಸ್ ಔಟ್‌ಕಮ್ (ಕೋರ್ಸ್ ಮುಗಿಸಿದ ಮಗು ಎಂತ ಕಲಿತಿರ್ಬೇಕು ಅನ್ನುದು) ಏನು ಅಂತ ಟೀಚರ್‌ಗಳಿಗೂ ಮಕ್ಕಳಿಗೂ ತಿಳಿಸಿದ್ದೀರಾ ಅಂತ ಕೇಳ್ತಾರೆ, ಆರನೇದರಲ್ಲಿ ಟೀಚರ್‌ಗಳ ಟ್ರೈನಿಂಗ್ ಮತ್ತು ಐಕ್ಯೂಎಸಿ ಕೆಲಸ ಬರ್ತದೆ, ವರ್ಷ ವರ್ಷ ಎಕ್ಯೂಎಆರ್ (ಗುಣಮಟ್ಟದ ವಾರ್ಷಿಕ ವರದಿ) ಕಳಿಸ್ಬೇಕು. ಅರ್ಧ ಪುಟಗಳಿಗೆ ನಂಬರ್ ಹಾಕಿ ಒಂದೇ ಫೈಲಲ್ಲಿ ಇಟ್ರೆ ಕೊನೇ ವಾರದಲ್ಲಿ ಹುಡುಕಾಟ ಇಲ್ಲ. ಹೊಸ ಆದೇಶ ಬಂದು ಹಳೇದು ರದ್ದಾದ್ರೆ ಹಳೇ ಪುಟದ ಮೇಲೆ ಅಡ್ಡಗೆರೆ ಎಳೆದು ‘ರದ್ದು, ನೋಡಿ ನಂಬರ್ ಇಷ್ಟು’ ಅಂತ ಬರೀರಿ, ಹರಿದು ಬಿಸಾಡ್ಬೇಡಿ, ಹಳೇ ಬ್ಯಾಚಿನ ಮಕ್ಕಳಿಗೆ ಹಳೇ ನಿಯಮವೇ ಇರ್ತದೆ. ಗ್ರೂಪಿನಲ್ಲಿ ಮತ್ತು ಬೋರ್ಡಿನಲ್ಲಿ ಇರುವ ಹಳೇ ಪ್ರತಿಯನ್ನು ಮಾತ್ರ ಅದೇ ದಿನ ತೆಗೀರಿ, ತುಕ್ಕು ಹಿಡಿದ ಪಿನ್ನಿಗೆ ಮೂರು ವರ್ಷದ ಹಿಂದಿನ ನೋಟಿಸ್ ನೇತಾಡ್ತಾ ಇದ್ರೆ ಹೊಸತಾಗಿ ಬಂದ ಮಗು ಅದನ್ನೇ ನಂಬ್ತದೆ.

ಟ್ರಾನ್ಸ್‌ಫರ್ ಆರ್ಡರ್ ಬಂದಾಗ ಈ ಫೈಲ್ ನಿಮ್ಮ ಜಾಗಕ್ಕೆ ಬರುವವರ ಕೈಗೇ ಕೊಟ್ಟು ಹೋಗಿ. ಒಳಗಿನ ಮೊದಲ ಪುಟಕ್ಕೆ ಆ ಶಬ್ದಗಳ ಪಟ್ಟಿ ಅಂಟಿಸಿ, ಅದರ ಕೆಳಗೆ ಯುನಿವರ್ಸಿಟಿಯ ಯಾವ ಸೆಕ್ಷನ್ ಯಾವ ವಿಷಯ ನೋಡ್ತದೆ ಅಂತ ಪೆನ್ಸಿಲಲ್ಲಿ ಬರೆದಿಡಿ, ಪೆನ್ಸಿಲ್ ಯಾಕೆ ಅಂದ್ರೆ ಅದು ಬದಲಾಗ್ತಾ ಇರ್ತದೆ.