ಮಂಕಿ ಐಲೆಂಡ್: ಒಂದನೆಯದೋ ಎರಡನೆಯದೋ, ಹೀಗೆ ಆರಿಸಿ

ಡೊಂಬಿವಲಿಯಲ್ಲಿರುವ ತಂಗಿಯ ಮಗಳು ಹೋದ ವಾರ ಫೋನ್ ಮಾಡಿದ್ದಳು. ‘ಮಾವ, ಮಂಕಿ ಐಲೆಂಡ್ ಕಂಪ್ಯೂಟರ್ ಆಟದ ಮೊದಲ ಎರಡೂ ಭಾಗ ಚೆನ್ನಾಗಿವೆ ಅಂತಾರೆ, ನನ್ನ ಹತ್ರ ಒಂದಕ್ಕೇ ದುಡ್ಡಿದೆ, ಯಾವುದು ತಗೊಳ್ಳಲಿ?’ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯದು 1990ರದು, ಎರಡನೆಯದು 1991ರದು. ಇವನ್ನು ಮಾಡಿದ ತಂಡಕ್ಕೆ ರಾನ್ ಗಿಲ್ಬರ್ಟ್ ಮುಂದಾಳು, ಜೊತೆಗೆ ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್. ಕಡಲ್ಗಳ್ಳ ಆಗಬೇಕು ಅಂತ ಬರುವ ಗೈಬ್ರಶ್ ಅನ್ನುವ ಹುಡುಗನೇ ಎರಡರಲ್ಲೂ ನಾಯಕ.

ಮೊದಲು ನಿಮ್ಮ ಬಿಡುವು ನೋಡಿಕೊಳ್ಳಿ. ದಿನಕ್ಕೆ ಒಂದು ಗಂಟೆ, ಅದೂ ಲೋಕಲ್ ಇಳಿದು ಮನೆಗೆ ಬಂದು ಊಟ ಆದಮೇಲೆ ಅಂದರೆ, ಒಂದನೆಯದೇ ಸರಿ. ಅದರ ಮೊದಲ ಭಾಗ ಪೂರ್ತಿ ಒಂದೇ ದ್ವೀಪದಲ್ಲಿ ನಡೆಯುತ್ತದೆ. ಕತ್ತಿವರಸೆ, ಕಳ್ಳತನ, ನಿಧಿ ಹುಡುಕುವುದು, ಹೀಗೆ ಮೂರು ಪರೀಕ್ಷೆ. ಯಾವುದನ್ನು ಬೇಕಾದರೂ ಮೊದಲು ಮಾಡಬಹುದು, ನಾಲ್ಕು ದಿನ ಬಿಟ್ಟು ಬಂದರೂ ಎಲ್ಲಿದ್ದೆ ಅನ್ನುವುದು ನೆನಪಿರುತ್ತದೆ. ಎರಡನೆಯದು ಹಾಗಲ್ಲ. ನಕ್ಷೆಯ ನಾಲ್ಕು ತುಂಡುಗಳಿಗಾಗಿ ಮೂರು ದ್ವೀಪ ಸುತ್ತಬೇಕು, ಒಂದು ಕಡೆ ಸಿಕ್ಕ ಸಾಮಾನು ಇನ್ನೊಂದು ಕಡೆ ಬೇಕಾಗುತ್ತದೆ, ಮಧ್ಯೆ ಒಂದು ವಾರ ಬಿಟ್ಟರೆ ಸೂತ್ರವೇ ತಪ್ಪಿಹೋಗುತ್ತದೆ. ಅದನ್ನು ಗಣಪತಿ ಹಬ್ಬದ ರಜೆಗೋ ಮೇ ತಿಂಗಳಿಗೋ ಇಟ್ಟುಕೊಳ್ಳಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ.

ಆಮೇಲೆ ನಿಮಗೆ ಮಾತಿನ ರುಚಿ ಎಷ್ಟಿದೆ ಅಂತ ಕೇಳಿಕೊಳ್ಳಿ. ನನಗೆ ಒಂದನೆಯದು ಪ್ರಾಣ ಆಗಿದ್ದು ಅದರ ಕತ್ತಿ ಕಾಳಗದಿಂದ. ಅಲ್ಲಿ ಗೆಲ್ಲುವುದು ಕೈಯಲ್ಲ, ನಾಲಿಗೆ! ‘ಹಾಲು ಕರೆಯೋನ ಹಾಗೆ ಕಾದಾಡ್ತೀಯ’ ಅಂತ ಎದುರಾಳಿ ಹೀಯಾಳಿಸಿದರೆ ‘ಸರಿಯಾಗೇ ಇದೆ, ನೀನು ದನದ ಹಾಗೆ ಕಾದಾಡ್ತೀಯಲ್ಲ’ ಅಂತ ತಿರುಗೇಟು ಕೊಡಬೇಕು. ಉತ್ತರ ಗೊತ್ತಿಲ್ಲದಿದ್ದರೆ ಸೋಲಬೇಕು, ಸೋತಾಗ ಕೇಳಿಸಿಕೊಂಡ ಬೈಗುಳವನ್ನು ಮುಂದಿನವನ ಮೇಲೆ ಹಾಕಿ, ಅವನ ಬಾಯಿಂದ ಉತ್ತರ ಕಲಿಯಬೇಕು. ಕೊನೆಗೆ ಕತ್ತಿಯ ಗುರು ಎದುರಾದಾಗ ಆಕೆಯ ಬೈಗುಳಗಳೇ ಬೇರೆ, ಆದರೆ ನೀವು ಕಲಿತ ಉತ್ತರಗಳೇ ಅಲ್ಲಿಗೂ ಹೊಂದಬೇಕು. ಮುಂಬೈಯ ನಮ್ಮ ಕರಾವಳಿ ಜನರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಪಟ್ಟುಬಿಡದೆ ವಾದಕ್ಕೆ ಕೂತಿದ್ದನ್ನು ನೋಡಿದವರಿಗೆ ಆ ಖುಷಿ ಗೊತ್ತು, ಅಲ್ವಾ?

ಮಾತಿಗಿಂತ ನೋಟ, ಸಂಗೀತ ಮುಖ್ಯ ಅನ್ನುವವರಿಗೆ ಎರಡನೆಯದು. ಕೈಯಲ್ಲಿ ಬಣ್ಣ ಹಾಕಿ ಬರೆದ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಹಿನ್ನೆಲೆಗೆ ಬಳಸಿದ್ದಾರೆ. ಹಳೇ ಹಡಗುಗಳಲ್ಲೇ ಕಟ್ಟಿದ ವುಡ್‌ಟಿಕ್ ಅನ್ನುವ ಊರಿದೆ. ಅಲ್ಲಿ ಇಯರ್‌ಫೋನ್ ಹಾಕಿಕೊಂಡು ಒಂದು ಮನೆಯಿಂದ ಇನ್ನೊಂದಕ್ಕೆ ಸುಮ್ನೆ ಓಡಾಡಿ. ರಾಗ ಎಲ್ಲೂ ಕಡಿಯುವುದಿಲ್ಲ, ಒಳಗೆ ಹೋದ ಹಾಗೆ ವಾದ್ಯ ಬದಲಾಗುತ್ತದೆ, ಹೊರಗೆ ಬಂದರೆ ಮತ್ತೆ ಮೊದಲಿನ ರಾಗಕ್ಕೇ ಸೇರಿಕೊಳ್ಳುತ್ತದೆ. ಐಮ್ಯೂಸ್ ಅನ್ನುವ ಆ ವ್ಯವಸ್ಥೆ ಮೊದಲು ಬಂದಿದ್ದೇ ಈ ಆಟದಲ್ಲಿ.

ಇನ್ನೂ ಮನಸ್ಸು ತೂಗುತ್ತಿದ್ದರೆ ಒಂದನೆಯದನ್ನೇ ತೆಗೆದುಕೊಳ್ಳಿ. ಎರಡನೆಯದರ ಕಥೆ ಶುರುವಾಗುವುದೇ ಮೊದಲನೆಯದರ ಗೆಲುವಿನ ಆಚೆ, ಖಳನಾಯಕ ಲೆಚಕ್ ಯಾರು ಅಂತ ಗೊತ್ತಿಲ್ಲದೆ ಹೋದರೆ ಅರ್ಧ ಸ್ವಾರಸ್ಯ ಹೋಗುತ್ತದೆ.

ಕೊಳ್ಳುವಾಗ ಯಾವ ಆವೃತ್ತಿ ಅಂತ ನೋಡಿ. ಹೊಸ ಚಿತ್ರ, ದನಿ ಇರುವ ಸ್ಪೆಷಲ್ ಎಡಿಶನ್ ಒಂದನೆಯದಕ್ಕೆ 2009ರಲ್ಲಿ, ಎರಡನೆಯದಕ್ಕೆ 2010ರಲ್ಲಿ ಬಂತು. ಒಂದನೆಯದರಲ್ಲಿ ಕಂಪ್ಯೂಟರಿನ ಎಫ್10 ಒತ್ತಿದರೆ ಅದೇ ಜಾಗದ ಹಳೇ ಚಿತ್ರ ಕಾಣುತ್ತದೆ, ಮತ್ತೆ ಒತ್ತಿದರೆ ಹೊಸದು. ನಾನಂತೂ ರಾತ್ರಿಯ ಬಂದರಿನ ನೀಲಿ ಬಣ್ಣವನ್ನು ಹಳೇ ಚಿತ್ರದಲ್ಲೇ ನೋಡುತ್ತೇನೆ. ಎರಡರಲ್ಲೂ ಸುಳಿವು ಕೇಳುವ ಸೌಲಭ್ಯ ಇದೆ. ಹಳೇ ಆವೃತ್ತಿಯ ಫೈಲ್ ನಿಮ್ಮ ಹತ್ತಿರ ಇದ್ದರೆ ಸ್ಕಮ್‌ವಿಎಂ ಅನ್ನುವ ಉಚಿತ ತಂತ್ರಾಂಶದಲ್ಲಿ, ಫೋನಿನಲ್ಲೂ ಆಡಬಹುದು.

ಆಡಲು ಕೂತಮೇಲೆ ಹೆದರಬೇಡಿ. ಸಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳಿ, ಎಲ್ಲರನ್ನೂ ಮಾತಾಡಿಸಿ. ಆ ಕಾಲದ ಬೇರೆ ಆಟಗಳ ಹಾಗೆ ಒಂದು ತಪ್ಪಿಗೆ ಸತ್ತು ಮೊದಲಿಂದ ಶುರು ಮಾಡುವ ಕಷ್ಟ ಇಲ್ಲಿಲ್ಲ. ಒಂದನೆಯದರಲ್ಲಿ ನೀರಿನೊಳಗೆ ಹತ್ತು ನಿಮಿಷ ಏನೂ ಮಾಡದೆ ನಿಂತರೆ ಮಾತ್ರ ಸಾವು.

ಎರಡನೆಯದನ್ನು ಆರಿಸಿದವರಿಗೆ ಒಂದು ಗಂಟನ್ನು ನಾನೇ ಬಿಚ್ಚಿ ಹೇಳುತ್ತೇನೆ, ಯಾಕಂದರೆ ಅದು ಬುದ್ಧಿಯದಲ್ಲ, ಇಂಗ್ಲಿಷಿನದು. ಜಲಪಾತದ ಹತ್ತಿರ ಒಂದು ಪಂಪನ್ನು ತಿರುಗಿಸಿ ನಿಲ್ಲಿಸಬೇಕು. ಹಾಗೆ ತಿರುಗಿಸುವ ಸಲಕರಣೆಗೆ ನಾವು ಪಾನಾ ಅನ್ನುತ್ತೇವೆ, ಇಲ್ಲಿ ಮರಾಠಿಯವರೂ ಪಾನಾ ಅನ್ನುತ್ತಾರೆ, ಅಮೆರಿಕದಲ್ಲಿ ಅದರ ಒಂದು ಬಗೆಗೆ ಮಂಕಿ ರೆಂಚ್ ಅಂತ ಹೆಸರು. ಅದಕ್ಕೇ ಅಲ್ಲಿ ಪಾನಾ ಹುಡುಕಬೇಡಿ. ಬಾರ್‌ನಲ್ಲಿ ಪಿಯಾನೊ ಬಾರಿಸುತ್ತಿರುವ ಮಂಗ ಇದೆಯಲ್ಲ, ಅದರ ಮುಂದಿನ ತಾಳಯಂತ್ರಕ್ಕೆ ಬಾಳೆಹಣ್ಣು ಸಿಕ್ಕಿಸಿ. ಹಣ್ಣು ಆಡುವುದನ್ನೇ ನೋಡುತ್ತಾ ಮಂಗ ಕಲ್ಲಾಗುತ್ತದೆ, ಎತ್ತಿಕೊಂಡು ಹೋಗಿ ಪಂಪಿಗೆ ಹಾಕಿ ತಿರುಗಿಸಿ.