ಮನೆ ಮುಂದೆ ಸಂಪಿಗೆ ಬೆಳೆಸೋದು ಹೇಗೆ?

ಮ್ಯಾಗ್ನೋಲಿಯಾ ಅಂದ ತಕ್ಷಣ ಯಾವುದೋ ಫಾರಿನ್ ಗಿಡ ಅಂದ್ಕೋಬೇಡಿ, ನಮ್ಮ ಕೆಂಡಸಂಪಿಗೆನೂ ಅದೇ ಜಾತಿ, ನಮ್ಮ ಮಣ್ಣಿಗೆ ನಮ್ಮ ಮಳೆಗೆ ಒಗ್ಗಿರೋ ಮರ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜೆ ಮಾಡೋ ದೊಡ್ಡ ಸಂಪಿಗೆ ನೋಡಿದವರಿಗೆ ಇದು ಎಷ್ಟು ದೊಡ್ಡದಾಗುತ್ತೆ ಅಂತ ಗೊತ್ತಿರುತ್ತೆ, ಅದಕ್ಕೇ ಮೊದಲು ಜಾಗ ನೋಡಿ. ಗೋಡೆ, ಸಂಪು, ಡ್ರೈನೇಜ್ ಪೈಪಿನಿಂದ 12-15 ಅಡಿ ದೂರ ಇರಲಿ, ದಿನಕ್ಕೆ 5-6 ಗಂಟೆ ಬಿಸಿಲು ಬೀಳಲಿ.

ಗಿಡ ತರೋವಾಗ ಕಸಿ ಗಿಡನೇ ಕೇಳಿ ತಗೊಳ್ಳಿ. ಬೀಜದ ಗಿಡ ಹೂ ಬಿಡೋಕೆ ಏಳೆಂಟು ವರ್ಷ ಕಾಯಿಸುತ್ತೆ, ಕಸಿದಾದ್ರೆ ಎರಡು-ಮೂರು ವರ್ಷಕ್ಕೇ ಮೊಗ್ಗು ಬರುತ್ತೆ. ಕಾಂಡದ ಬುಡದ ಹತ್ರ ಕಸಿ ಕಟ್ಟಿದ ಗಂಟು ಕಾಣ್ಬೇಕು, ಕಾಣ್ಲಿಲ್ಲ ಅಂದ್ರೆ ಅಂಗಡಿಯವರ ಮಾತು ನಂಬಿ ದುಡ್ಡು ಕೊಡಬೇಡಿ. 30×40 ಸೈಟಿನವರು ಕಸಿ ಮಾಡಿದ ಬಿಳಿ ಸಂಪಿಗೆನ ದೊಡ್ಡ ಡ್ರಮ್ಮಲ್ಲಿ ಇಟ್ಕೊಂಡು ಸವರ್ತಾ ಹೋದ್ರೂ ಚೆನ್ನಾಗೇ ಬರುತ್ತೆ.

ನೆಡೋಕೆ ಜೂನ್-ಜುಲೈ ಒಳ್ಳೇದು. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ತುಂಬಿ. ಇಲ್ಲಿ ಮಾತ್ರ ಅವಸರ ಬೇಡ, ಸಂಪಿಗೆ ಬೇರು ದಪ್ಪ, ಮೃದು, ಪಟ್ಟಂತ ಮುರಿಯುತ್ತೆ, ಹಾಗಾಗಿ ಕವರ್‌ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಮಣ್ಣಿನ ಹೆಂಟೆ ಒಡೀದಂಗೆ ಎರಡೂ ಕೈಯಲ್ಲಿ ಹಿಡಿದು ಇಳಿಸಿ, ಕಸಿ ಗಂಟು ಮಣ್ಣಿಂದ ಮೇಲೇ ಇರಲಿ, ಒಂದು ಕೋಲು ನೆಟ್ಟು ಸಡಿಲವಾಗಿ ಕಟ್ಟಿ. ಒಂದ್ಸಲ ನೆಟ್ಟ ಮೇಲೆ ಆ ಕಡೆ ಈ ಕಡೆ ಕಿತ್ತು ನೆಡೋ ಯೋಚನೆನೇ ಬೇಡ.

ನೀರು ಬೇಕು, ಆದ್ರೆ ನಿಲ್ಲಬಾರದು, ನಿಂತ್ರೆ ಬೇರು ಕೊಳೆತು ಎಲೆ ಹಳದಿಯಾಗಿ ಗಿಡನೇ ಹೋಗುತ್ತೆ. ಬೇಸಿಗೆಯಲ್ಲಿ ಬುಡಕ್ಕೆ ಒಣಗಿದ ಎಲೆ ಹೊದಿಸಿ. ಕಸಿ ಗಂಟಿನ ಕೆಳಗೆ ಚಿಗುರು ಬಂದ್ರೆ ತಕ್ಷಣ ಕಿತ್ತಾಕಿ, ಬಿಟ್ರೆ ಅದೇ ಬೆಳೆದು ಮೇಲಿನ ಕಸಿನ ಸಾಯಿಸಿಬಿಡುತ್ತೆ.

ಬೀಜದಿಂದಲೇ ಬೆಳೆಸ್ತೀನಿ ಅನ್ನೋರು ಕಾಯಿ ಒಡೆದು ಕೆಂಪು ಬೀಜ ಕಂಡ ಕೂಡಲೇ ತಗೊಳ್ಳಿ, ಇಲ್ಲಾಂದ್ರೆ ಹಕ್ಕಿಗಳು ಬಿಡಲ್ಲ. ನೆನೆಸಿ ಕೆಂಪು ಸಿಪ್ಪೆ ಉಜ್ಜಿ ತೆಗೆದು ಆಗಲೇ ಬಿತ್ತಿ, ಡಬ್ಬದಲ್ಲಿಟ್ಟು ಒಣಗಿಸಿದ್ರೆ ಮೊಳೆಯೋದು ಕಷ್ಟ.

ಎಲೆ ತಿನ್ನೋ ಹಸಿರು ಹುಳ ಕಂಡ್ರೆ ಔಷಧಿ ಹೊಡೀಬೇಡಿ ಪ್ಲೀಸ್, ಅವು ಹೆಚ್ಚಾಗಿ ಚಿಟ್ಟೆ ಮರಿಗಳು, ನಾಲ್ಕು ಎಲೆ ಹೋದ್ರೆ ಗಿಡಕ್ಕೇನೂ ಆಗಲ್ಲ. ಎತ್ತರ ಜಾಸ್ತಿ ಆಯ್ತು ಅನ್ಸಿದ್ರೆ ಹೂವಿನ ಕಾಲ ಮುಗಿದ ಮೇಲೆ ತುದಿ ಕತ್ತರಿಸಿ, ಹೂ ಕೈಗೆ ಸಿಗಲ್ಲ ಅಂತ ಕೊಂಬೆ ಎಳೆದು ಬಗ್ಗಿಸಬೇಡಿ, ದೋಟಿ ಇಟ್ಕೊಳ್ಳಿ.